ಅವನಿಗೇನೂ ಗೊತ್ತಾಗಲ್ಲ ಬಿಡಿ

(ಕುಟುಂಬದ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಆಕೆ ತಾನಾಗಿ ಬಂದವಳಲ್ಲ, ಆಫೀಸಿನವರು ಕಳಿಸಿದ್ದು. ವಯಸ್ಸು 29, ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಮೀಟಿಂಗಿನಲ್ಲಿ ಹೊಸ ಹುಡುಗನೊಬ್ಬ ತಪ್ಪು ಫೈಲ್ ಹಾಕಿದ. ಟೀಮ್ ಲೀಡ್ ನಗುತ್ತಾ, "ಏನ್ ಗುರು, ಎಂಆರ್ ಕೇಸ್ ಥರ ಆಡ್ತೀಯಲ್ಲ" ಅಂದರು. ಎಂಆರ್ ಅಂದರೆ ಮೆಂಟಲ್ ರಿಟಾರ್ಡೇಶನ್, ಬುದ್ಧಿಮಾಂದ್ಯ. ಈಕೆ ಎದ್ದು ಕೂಗಾಡಿ, ನೀರಿನ ಬಾಟಲಿಯನ್ನು ಮೇಜಿಗೆ ಕುಕ್ಕಿ ಹೊರಟುಹೋದಳು. ಆ ಮಾತಿನ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಈಕೆಯ ಸಿಟ್ಟಿಗೆ ಮಾತ್ರ ಮದ್ದು ಬೇಕಾಯಿತು.

"ನಾನೇ ಅತಿ ಮಾಡಿದ್ನಾ ಮೇಡಂ? ಎಲ್ರೂ ಅದನ್ನೇ ಹೇಳ್ತಾರೆ. ಬರೀ ಒಂದು ಮಾತಿಗೆ ಅಷ್ಟಾ ಅಂತ."

ಆಕೆಗೆ 24 ವರ್ಷದ ತಮ್ಮನಿದ್ದಾನೆ. ಹುಟ್ಟಿನಿಂದ ಡೌನ್ ಸಿಂಡ್ರೋಮ್. ಹಾಸನದ ಕಡೆಯ ಒಂದು ಪೇಟೆಯಲ್ಲಿ ಸೋದರಮಾವನ ದಿನಸಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಾನೆ. ಅವನಿಗೆ ಚಿಕ್ಕಂದಿನಲ್ಲಿ ಮಾಡಿಸಿದ ಸರ್ಟಿಫಿಕೇಟಿನಲ್ಲೂ ಇಂಗ್ಲಿಷಿನಲ್ಲಿ ಅದೇ ಎರಡಕ್ಷರ: ಎಂಆರ್.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ನಾನು ತರಬೇತಿಯಲ್ಲಿದ್ದಾಗ ನಾವೆಲ್ಲ "ಎಂಆರ್ ಮಕ್ಕಳು" ಅಂತಲೇ ಅನ್ನುತ್ತಿದ್ದೆವು. 1995ರ ಅಂಗವಿಕಲರ ಕಾಯ್ದೆಯಲ್ಲಿದ್ದ ಪದವೇ ಮೆಂಟಲ್ ರಿಟಾರ್ಡೇಶನ್. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ ಅದು ಹೋಗಿ ಬೌದ್ಧಿಕ ಅಂಗವಿಕಲತೆ ಎಂದಾಯಿತು. ಆದರೂ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಉದ್ದನೆಯ ಹೆಸರಿನಲ್ಲಿ ಹಳೆಯ ಪದ ಈಗಲೂ ಕೂತಿದೆ. ವಿಶೇಷ ಶಾಲೆಯ ಹಿರಿಯ ಶಿಕ್ಷಕಿಯರ ಬಾಯಲ್ಲೂ ಅದೇ ಬರುತ್ತದೆ, ಮಗುವಿನ ಮೂಗು ಒರೆಸುತ್ತಲೇ. ಅವರನ್ನೂ ಆ ಟೀಮ್ ಲೀಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸು ಬರುವುದಿಲ್ಲ. ಅವರು ಹಳೆಯ ಹೆಸರಿನಿಂದ ಒಂದು ಮಗುವನ್ನು ಗುರುತಿಸುತ್ತಿದ್ದಾರೆ. ಈ ಲೀಡ್ ಅಂಥ ಮಗುವಿನ ಸ್ಥಿತಿಯನ್ನೇ ಅಳತೆಗೋಲು ಮಾಡಿಕೊಂಡು ಇನ್ನೊಬ್ಬನ ತಪ್ಪನ್ನು ಅಳೆಯುತ್ತಿದ್ದಾರೆ. ಪದ ಕೊಳೆಯಾಗುವುದು ಈ ಅಳತೆಯಿಂದ.

ಬುದ್ಧಿಮಾಂದ್ಯ ಅನ್ನುವುದನ್ನೇ ನೋಡಿ. ಆಯುರ್ವೇದದವರು ಹೇಳುವ ಅಗ್ನಿಮಾಂದ್ಯದಲ್ಲೂ ಇರುವುದು ಅದೇ ಮಾಂದ್ಯ. ಹಸಿವು ಮಂದವಾದವನನ್ನು ಯಾರೂ ಬೈಯುವುದಿಲ್ಲ, ಶುಂಠಿ ಕಷಾಯ ಕೊಡುತ್ತಾರೆ. ಬುದ್ಧಿಮಾಂದ್ಯ ಕೂಡ ಒಂದು ಕಾಲಕ್ಕೆ ಮರ್ಯಾದೆಯ ಪದವೇ, ಎಷ್ಟೋ ಶಾಲೆಗಳ ಬೋರ್ಡಿನ ಮೇಲಿತ್ತು. ಆಮೇಲೆ ಬೈಗುಳವಾಯಿತು. ಅದರ ಜಾಗಕ್ಕೆ "ಸ್ಪೆಷಲ್ ಮಕ್ಕಳು" ಅನ್ನುವ ಮಾತು ಬಂತು. ಈಗ ಮಕ್ಕಳು ಒಬ್ಬರನ್ನೊಬ್ಬರು "ನೀನೇನ್ ಸ್ಪೆಷಲ್ಲಾ?" ಅಂತ ಚುಡಾಯಿಸುವುದನ್ನೂ ಕೇಳಿದ್ದೇನೆ. ಹೊಸ ಪದಕ್ಕೂ ಅದೇ ಗತಿ.

ಎರಡನೆಯ ಭೇಟಿಯಲ್ಲಿ ಆ ಸಿಟ್ಟಿನ ಬುಡ ಸಿಕ್ಕಿತು. ಏಳನೇ ಕ್ಲಾಸಿನಲ್ಲಿದ್ದಾಗ ಗೆಳತಿಯರು "ಅವನು ನಿನ್ ತಮ್ಮನಾ? ಮೆಂಟಲ್ಲಾ?" ಎಂದು ಕೇಳಿದ್ದರು. ಈಕೆ "ಅಲ್ಲ, ಪಕ್ಕದ್ಮನೆ ಹುಡುಗ" ಅಂದುಬಿಟ್ಟಿದ್ದಳು. ತಮ್ಮ ಗೇಟಿನ ಹತ್ತಿರವೇ ನಿಂತಿದ್ದ. ಮೀಟಿಂಗಿನಲ್ಲಿ ಕೂಗಿದ್ದು ಅರ್ಧ ಲೀಡಿಗೆ, ಅರ್ಧ ಆ ಏಳನೇ ಕ್ಲಾಸಿನ ಹುಡುಗಿಗೆ. ಇದನ್ನು ಹೇಳಿದ್ದು ನಾನಲ್ಲ, ಆಕೆಯೇ.

ಅವಳಿಗೆ ಇನ್ನೊಂದು ಗೊಂದಲವೂ ಇತ್ತು. ಮನೆಯಲ್ಲಿ ಅಜ್ಜಿ ಅವನನ್ನು "ಪೆದ್ದಪ್ಪ" ಅಂತ ಕರೆದು ತಲೆ ನೇವರಿಸುತ್ತಾರೆ, ಮಾವ "ಬೆಪ್ಪುತಕ್ಕಡಿ" ಅನ್ನುತ್ತಾರೆ. ಅಲ್ಲೆಲ್ಲ ಸುಮ್ಮನಿದ್ದು ಆಫೀಸಿನಲ್ಲಿ ಮಾತ್ರ ಎಗರಿಬಿದ್ದರೆ ನ್ಯಾಯವೇ? "ಅವನನ್ನೇ ಕೇಳೋಣ, ಕರ್ಕೊಂಡು ಬನ್ನಿ" ಅಂದೆ.

ಮೂರನೆಯ ಸಲ ತಾಯಿ, ಅಕ್ಕ, ತಮ್ಮ ಮೂವರೂ ಬಂದರು. ಅವನು ಕರ್ಚೀಫನ್ನು ತೊಡೆಯ ಮೇಲೆ ಹರಡಿ, ಅಂಚಿಗೆ ಅಂಚು ಕೂಡಿಸಿ ಮಡಚುತ್ತಿದ್ದ. ಸಕ್ಕರೆ ಪೊಟ್ಟಣದ ಬಾಯನ್ನೂ ಹೀಗೇ ಮೂರು ಮಡಿಕೆ ಮಾಡುತ್ತಾನಂತೆ. ನಾನು ಅವನತ್ತ ತಿರುಗುವಷ್ಟರಲ್ಲಿ ತಾಯಿ, "ಅವನಿಗೇನೂ ಗೊತ್ತಾಗಲ್ಲ ಬಿಡಿ ಮೇಡಂ, ನೀವು ನಮ್ಮತ್ರ ಮಾತಾಡಿ" ಅಂದರು. ಕೈ ನಿಂತಿತು. ಕುರ್ಚಿಯನ್ನು ಗೋಡೆ ಕಡೆ ತಿರುಗಿಸಿಕೊಂಡು ಕೂತ.

ಹತ್ತು ನಿಮಿಷ ಅಂಗಡಿಯ ಸುದ್ದಿ ಮಾತಾಡಿದ ಮೇಲೆ ಕೇಳಿದೆ. "ಅಂಗಡೀಲಿ ಯಾರಾದ್ರೂ ಏನಾದ್ರೂ ಅಂದಾಗ ಬೇಜಾರಾಗುತ್ತಾ?"

"ಆಗುತ್ತೆ."

"ಏನಂದಾಗ?"

ತುಂಬಾ ಹೊತ್ತು ಸುಮ್ಮನಿದ್ದು, "ಚಿಲ್ರೆ" ಅಂದ.

ನನಗೆ ಅರ್ಥವಾಗಲಿಲ್ಲ, ಅಕ್ಕನಿಗಾಯಿತು. ಗಿರಾಕಿ ದುಡ್ಡನ್ನು ಇವನ ಕೈಗೆ ಚಾಚಿದರೆ ಮಾವ ಅಲ್ಲಿಂದಲೇ, "ಅವನ ಕೈಗೆ ಕೊಡ್ಬೇಡಿ, ಅವನಿಗೆ ಗೊತ್ತಾಗಲ್ಲ" ಅನ್ನುತ್ತಾರೆ. ದಿನಕ್ಕೆ ಎಷ್ಟು ಸಲವೋ. "ಅಜ್ಜಿ ಕರೆಯೋದು?" ಅಂದೆ. "ಅಜ್ಜಿ ಕರೀಲಿ." "ಬೆಪ್ಪುತಕ್ಕಡಿ?" ನಕ್ಕ. "ತಕ್ಕಡಿ ನಂದು."

ಈ ನಗುವನ್ನು ಪರವಾನಗಿ ಎಂದುಕೊಳ್ಳಬೇಡಿ ಎಂದು ತಾಯಿಗೆ ಆಗಲೇ ಹೇಳಿದೆ. ಸುತ್ತಲಿನವರು ನಕ್ಕಾಗ ತಾನೂ ನಕ್ಕುಬಿಡುವುದನ್ನು ಇಂಥ ಎಷ್ಟೋ ಮಕ್ಕಳು ಬೇಗ ಕಲಿತಿರುತ್ತಾರೆ.

ಅಕ್ಕನಿಗೆ ಕೊಟ್ಟ ಸಲಹೆ: ನಿಮ್ಮ ಸಿಟ್ಟು ಸರಿ, ಬಾಟಲಿ ಕುಕ್ಕಿದ್ದು ಸರಿಯಲ್ಲ. ಅದಕ್ಕೆ ಕ್ಷಮೆ ಕೇಳಿ, ಮಾತು ಬಿಟ್ಟುಕೊಡಬೇಡಿ. ಲೀಡ್ ಒಬ್ಬರೇ ಇದ್ದಾಗ, "ನೀವು ತಮಾಷೆಗೆ ಅಂದಿದ್ದು ನನ್ನ ತಮ್ಮನ ಸರ್ಟಿಫಿಕೇಟಲ್ಲಿದೆ. ಫೈಲ್ ತಪ್ಪಾಗಿದ್ರೆ ಫೈಲ್ ತಪ್ಪಾಗಿದೆ ಅನ್ನಿ" ಎಂದಷ್ಟೇ ಹೇಳಿ. ತಮಾಷೆ ಅಂತ ಜಾರಿಕೊಂಡರೆ, ಅಂಗವಿಕಲರನ್ನು ಹೀಗಳೆಯುವ ಹಾಸ್ಯವೇ ಬೇರೆ, ಅವರ ಬದುಕನ್ನು ಅರ್ಥ ಮಾಡಿಸುವ ಹಾಸ್ಯವೇ ಬೇರೆ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಸಿನಿಮಾ ಕುರಿತ ತೀರ್ಪಿನಲ್ಲಿ ಹೇಳಿದೆ, ಅದನ್ನು ನೆನಪಿಸಿ.

"ಕೇಸ್ ಹಾಕಬಹುದಾ?" ಅಂತಲೂ ಕೇಳಿದಳು. 2016ರ ಕಾಯ್ದೆಯ ಕಲಂ 92 ಇರುವುದು ಅಂಗವಿಕಲ ವ್ಯಕ್ತಿಯನ್ನೇ ಸಾರ್ವಜನಿಕವಾಗಿ, ಅವಮಾನಿಸಬೇಕೆಂದೇ ನಿಂದಿಸಿದವರಿಗೆ. ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ದಂಡವೂ ಇದೆ. ಮೀಟಿಂಗಿನಲ್ಲಿ ಬೈಸಿಕೊಂಡವನು ಅಂಥವನಲ್ಲ, ಹಾಗಾಗಿ ಅಲ್ಲಿಗೆ ಅದು ಸುಲಭವಾಗಿ ಒಗ್ಗುವುದಿಲ್ಲ. ನಾಳೆ ಅಂಗಡಿ ಮುಂದೆ ನಿಂತು ಯಾರಾದರೂ ತಮ್ಮನನ್ನೇ ಹಾಗೆ ಅಂದರೆ ಮಾತು ಬೇರೆ.

ದಡ್ಡ, ಪೆದ್ದ, ಮಂಕು ಎಲ್ಲವನ್ನೂ ಮನೆಯಿಂದ ಓಡಿಸಬೇಕೇ? ನನಗೆ ಹಾಗನ್ನಿಸುವುದಿಲ್ಲ. ಅವು ಯಾವ ಡಾಕ್ಟರೂ ಬರೆದುಕೊಟ್ಟ ಪದಗಳಲ್ಲ, ಉಪ್ಪು ಹಾಕಲು ಮರೆತವರನ್ನೂ ನಾವು ಪೆದ್ದು ಅನ್ನುತ್ತೇವೆ. ಆದರೆ ಕಾಯಿಲೆಯ, ಕಾಗದಪತ್ರದ ಪದಗಳನ್ನು ಬೈಗುಳಕ್ಕೆ ಎಳೆಯುವುದು ಬೇಡವೇ ಬೇಡ. ಇನ್ನು ಪಕ್ಕದಲ್ಲಿ ಅವನನ್ನು ಕೂರಿಸಿಕೊಂಡು ಬೇರೆ ಮಗುವಿಗೆ "ಓದ್ದೇ ಇದ್ರೆ ಇವನ ಥರ ಆಗ್ತೀಯ ನೋಡು" ಅನ್ನುವುದಿದೆಯಲ್ಲ, ಅದರಲ್ಲಿ ಒಂದೂ ಕೆಟ್ಟ ಪದವಿಲ್ಲ. ನಾನು ಕೇಳಿದವುಗಳಲ್ಲಿ ಅದಕ್ಕಿಂತ ಕ್ರೂರವಾದದ್ದು ಕಡಿಮೆ.

ತಾಯಿಗೆ ಹೇಳಿದ್ದು ಒಂದೇ. ಅವನ ಬಗ್ಗೆ ಮಾತಾಡುವಾಗ ಅವನು ಎದುರಿಗಿದ್ದರೆ, ಮೊದಲು ಅವನನ್ನೇ ಕೇಳಿ, ಉತ್ತರಕ್ಕೆ ಮನಸ್ಸಿನಲ್ಲೇ ಇಪ್ಪತ್ತು ಎಣಿಸಿ. ಅಜ್ಜಿಗೆ ಏನನ್ನೂ ಹೇಳಿ ಕಳಿಸಲಿಲ್ಲ.

ಮಾವ ಬರಲಿಲ್ಲ, ಫೋನಿನಲ್ಲಿ ಸಿಕ್ಕರು. "ನೋಟು ಎಣಿಸೋಕೆ ಬರಲ್ಲ ಮೇಡಂ, ನಷ್ಟ ಯಾರು ಕಟ್ಕೊಡ್ತಾರೆ?" ಅವರ ಮಾತಿನಲ್ಲೂ ಹುರುಳಿತ್ತು. ಗಲ್ಲಾದ ಹತ್ತಿರ ಯುಪಿಐ ಸೌಂಡ್ ಬಾಕ್ಸ್ ಇದೆಯಾ ಎಂದು ಕೇಳಿದೆ. ಇತ್ತು. ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ 500 ಬರುವವರೆಗೆ ಕಾಯಬಲ್ಲವನು ಡಬ್ಬಿ ಹೇಳುವ ಮೊತ್ತವನ್ನೂ ಕಾಯಬಲ್ಲ. ಹತ್ತು, ಇಪ್ಪತ್ತು ರೂಪಾಯಿಯ ವ್ಯಾಪಾರದಿಂದ ಶುರು ಮಾಡಿ ನೋಡಿ ಅಂದೆ. "ನೋಡೋಣ" ಅಂದರು, ಇಲ್ಲ ಅನ್ನುವ ದನಿಯಲ್ಲೇ.

ಲೀಡ್ "ಗೊತ್ತಿರ್ಲಿಲ್ಲ, ಸಾರಿ" ಅಂದರಂತೆ. ಈಗ ಆಕೆ ಬಂದರೆ ಮಾತು ನಿಲ್ಲಿಸುತ್ತಾರೆ. ಬದಲಾಗಿದ್ದಾರೋ ಹೆದರಿದ್ದಾರೋ, ಆಕೆಗೂ ಖಚಿತವಿಲ್ಲ.

ಎರಡು ತಿಂಗಳ ಮೇಲೆ ಆಕೆ ವಾಟ್ಸಾಪಿನಲ್ಲಿ ಒಂದು ವಾಯ್ಸ್ ಮೆಸೇಜ್ ಕಳಿಸಿದಳು. ಅಂಗಡಿಯ ಗದ್ದಲ, ಯಾರೋ ಕೊತ್ತಂಬರಿ ಬೀಜ ಕೇಳುತ್ತಿದ್ದಾರೆ. ಡಬ್ಬಿ ಇಪ್ಪತ್ತು ರೂಪಾಯಿ ಬಂದಿದೆ ಎಂದು ಕೂಗುತ್ತದೆ. ಅದರ ಹಿಂದೆಯೇ ಅವನ ದನಿ, ಗಿರಾಕಿಗೆ: "ಬಂತು. ತಗೊಳ್ಳಿ."