ಗಂಟಲಲ್ಲಿ ಇಳಿಯದ ಪತ್ರೊಡೆ: ಒಂದು ಆಪ್ತಸಲಹೆ ಪ್ರಕರಣ

ನನ್ನ ಹತ್ತಿರ ಆಪ್ತಸಲಹೆಗೆ ಬಂದ ಹೆಣ್ಣುಮಗಳೊಬ್ಬಳ ಪ್ರಕರಣ ಇದು. ಬರೆಯುವುದಕ್ಕೆ ಆಕೆಯ ಒಪ್ಪಿಗೆ ಇದೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ, ಹೆಸರು ಹಾಕುವುದಿಲ್ಲ. ಎರಡನೇ ಭೇಟಿಯಿಂದಲೇ ಆಕೆ ನನ್ನನ್ನು ಅಕ್ಕಾ ಎಂದು ಕರೆಯುತ್ತಿದ್ದಳು. ಹಾಗಾಗಿ ಇಲ್ಲಿ ತಂಗಿ ಎಂದೇ ಬರೆಯುತ್ತೇನೆ.

ತಂಗಿಗೆ 27 ವರ್ಷ. ವಿಜಯಪುರದ ಕಡೆಯವಳು. ಬೆಂಗಳೂರಲ್ಲಿ ಕೆಲಸ ಮಾಡುವಾಗ ಕರಾವಳಿಯ ಹುಡುಗನ ಪರಿಚಯವಾಗಿ, ಎರಡೂ ಮನೆಯವರು ಒಪ್ಪಿ ಮದುವೆಯಾಯಿತು. ಒಂದು ವರ್ಷ ಬೆಂಗಳೂರಲ್ಲೇ ಇದ್ದರು. ಅಲ್ಲಿ ಊಟದ ತಕರಾರು ಬರಲೇ ಇಲ್ಲ, ಮನೆಯಲ್ಲಿ ಅವಳ ರೊಟ್ಟಿ, ಹೊರಗೆ ಹೋದರೆ ಅವನ ಮೀನು. ಆಮೇಲೆ ಅವನಿಗೆ ಊರಿನ ಹತ್ತಿರವೇ ಕೆಲಸ ಸಿಕ್ಕಿತು. ಜುಲೈನಲ್ಲಿ ಅತ್ತೆ ಮನೆಗೆ ಬಂದರು. ನವೆಂಬರಿನಲ್ಲಿ ಅವಳು ನನ್ನ ಮುಂದೆ ಕೂತಾಗ ತೂಕ 52 ಕೆಜಿಯಿಂದ 46ಕ್ಕೆ ಇಳಿದಿತ್ತು.

'ಹೊಟ್ಟಿ ಹಸೀತದರಿ ಮೇಡಂ. ಹಸಿವಿಲ್ಲ ಅಂತಲ್ಲ. ಆದ್ರ ತಾಟು ಮುಂದ ಬಂತಂದ್ರ ಗಂಟಲ ಬಿಗದ ಹೋಗತೈತಿ.' ಇದು ಅವಳ ಮೊದಲ ಮಾತು. ಎರಡನೇ ಮಾತು ಇನ್ನೂ ಮುಖ್ಯವಾದದ್ದು: 'ನಾ ಸೊಕ್ಕಿನಾಕಿ ಅಂತ ತಿಳಕೊಂಡಾರ್ರಿ ಎಲ್ಲಾರೂ.'

ನಾನು ಮೊದಲು ಮಾಡಿದ್ದು ಅವಳನ್ನು ವೈದ್ಯರ ಹತ್ತಿರ ಕಳಿಸಿದ್ದು. ನಾಲ್ಕು ತಿಂಗಳಲ್ಲಿ ಆರು ಕೆಜಿ ಇಳಿದಿದ್ದರೆ ಅದನ್ನು ಬರೀ ಮನಸ್ಸಿನ ವಿಷಯ ಎಂದು ಯಾರೂ ತೀರ್ಮಾನ ಮಾಡಬಾರದು. ರಕ್ತ, ಥೈರಾಯ್ಡ್, ಹೊಟ್ಟೆ ಎಲ್ಲ ನೋಡಿಸಿದೆವು. ರಕ್ತ ಸ್ವಲ್ಪ ಕಡಿಮೆ ಇತ್ತು, ಬೇರೇನೂ ಇರಲಿಲ್ಲ. ತೆಳ್ಳಗಾಗಬೇಕು ಎಂಬ ಆಸೆ ಅವಳಿಗೆ ಇರಲಿಲ್ಲ, ಬದಲಿಗೆ ಬಳೆ ಸಡಿಲವಾಗಿದ್ದಕ್ಕೆ ಅಳುತ್ತಿದ್ದಳು. ಚಿಕ್ಕಂದಿನಿಂದ ಊಟಕ್ಕೆ ಹಟ ಮಾಡಿದವಳೂ ಅಲ್ಲ. ಆಹಾರ ದೂರ ಇಡುವ ತೀವ್ರ ಸಮಸ್ಯೆಯೊಂದನ್ನು 2013ರಿಂದ ಮನೋವೈದ್ಯರು ಬೇರೆಯೇ ಕಾಯಿಲೆ ಎಂದು ಗುರುತಿಸುತ್ತಾರೆ. ಮನೋವೈದ್ಯರೂ ಒಮ್ಮೆ ನೋಡಿ, ಅದಲ್ಲ, ಆದರೆ ಹೀಗೇ ಬಿಟ್ಟರೆ ಆ ಕಡೆಗೆ ಜಾರಬಹುದು ಎಂದರು.

ಅವಳು ಬಂದ ಕಾಲವನ್ನು ಸ್ವಲ್ಪ ನೋಡಿ. ಜುಲೈ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆ ನಿಷೇಧ. ತಾಜಾ ಮೀನು ಅಪರೂಪ, ಒಣಮೀನಿನ ಕಾಲ ಅದು. ಮಳೆಗೆ ಕಿಟಕಿ ಬಾಗಿಲು ಮುಚ್ಚಿದ ಮನೆಯಲ್ಲಿ ಕೆಂಡದ ಮೇಲೆ ಒಣಮೀನು ಸುಟ್ಟರೆ ಆ ವಾಸನೆ ಬಟ್ಟೆಗೂ ಹಿಡಿಯುತ್ತದೆ. ಹುಟ್ಟಿದಾಗಿನಿಂದ ಉಂಡವರಿಗೆ ಬಾಯಲ್ಲಿ ನೀರು ಬರುತ್ತದೆ. ಜಾತ್ರೆಗೊಮ್ಮೆ ಕುರಿ ಮಾಂಸ ತಿಂದು, ಮೀನನ್ನು ಬಹುಮಟ್ಟಿಗೆ ನೋಡದೇ ಬೆಳೆದ ಹುಡುಗಿಗೆ? ಸಾಲದ್ದಕ್ಕೆ ತುಳುವರ ಮಳೆಗಾಲದ ಆಟಿ ತಿಂಗಳು. ಬಿದಿರಿನ ಮೊಳಕೆಯ ಕಣಿಲೆ, ತಜಂಕು ಸೊಪ್ಪು, ತಿಮರೆ ಸೊಪ್ಪಿನ ಚಟ್ನಿ, ಕೆಸುವಿನ ಎಲೆಯ ಪತ್ರೊಡೆ, ಒಂದರ ಹಿಂದೆ ಒಂದು. ಕುಚ್ಚಲಕ್ಕಿಯ ದಪ್ಪ ಅಗುಳು. ಎಲ್ಲದಕ್ಕೂ ತೆಂಗಿನೆಣ್ಣೆ. ಮನೆಮಂದಿ ಮಾತಾಡುವುದು ತುಳು. ಅವಳ ತಾಟಿನಲ್ಲಿ ಗುರುತಿರುವುದು ಉಪ್ಪು ಮಾತ್ರ.

ಬಂದ ಎರಡನೇ ವಾರ ಪತ್ರೊಡೆ ಮಾಡಿದರು. ಎಲ್ಲರೂ ಸುತ್ತ ಕೂತು ಅವಳ ಮುಖವನ್ನೇ ನೋಡುತ್ತಿದ್ದರು. ಎರಡು ತುಂಡು ತಿಂದಳು. ಸ್ವಲ್ಪ ಹೊತ್ತಿಗೆ ಗಂಟಲು ತುರಿಸತೊಡಗಿತು. ನಾಲಿಗೆಯ ಬುಡದಲ್ಲಿ ಸೂಜಿ ಚುಚ್ಚಿದ ಹಾಗೆ ಆಯಿತಂತೆ. ಹೇಳಿದರೆ ಎಲ್ಲರೂ ನಕ್ಕರು, ಹೊಸಬರಿಗೆ ಹಾಗೇ ಎಂದರು. ಗಂಡನೂ ನಕ್ಕ. ಆ ರಾತ್ರಿ ವಾಂತಿಯಾಯಿತು. ಬೆಳಿಗ್ಗೆ ಅತ್ತೆ ಗುಟ್ಟಾಗಿ 'ವಿಶೇಷ ಏನಾದ್ರೂ ಉಂಟಾ?' ಎಂದು ಕೇಳಿದರು. ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂದಾಗ ಮನೆಯವರ ಮುಖ ಸಣ್ಣದಾಯಿತು. ಪಾಪ, ಅವಳು ಆ ಬೇಸರವನ್ನೂ ತನ್ನ ತಲೆಗೇ ಕಟ್ಟಿಕೊಂಡಳು.

ಅಲ್ಲಿಂದ ಪತ್ರೊಡೆಯ ಜೊತೆಗೆ ಹಸಿರು ಬಣ್ಣದ ಎಲ್ಲವೂ ಬಂದ್. ಆಮೇಲೆ ತೆಂಗಿನೆಣ್ಣೆಯ ವಾಸನೆ ಬಂದದ್ದೆಲ್ಲ ಬಂದ್. ಅಕ್ಟೋಬರಿಗೆ ಅವಳ ಊಟ ಮೊಸರನ್ನ, ಬಿಸ್ಕತ್ತು, ಚಹಾ, ಅಷ್ಟಕ್ಕೆ ಬಂದು ನಿಂತಿತ್ತು.

ದೇಹ ಹೀಗೆ ಮಾಡುವುದು ಹಟದಿಂದ ಅಲ್ಲ. 1955ರಲ್ಲಿ ಜಾನ್ ಗಾರ್ಸಿಯಾ ಎಂಬ ಮನೋವಿಜ್ಞಾನಿ ಇಲಿಗಳ ಮೇಲಿನ ಪ್ರಯೋಗದಲ್ಲಿ ಇದನ್ನು ತೋರಿಸಿದರು. ಸಿಹಿ ಬೆರೆಸಿದ ನೀರು ಕುಡಿಯುವ ಹೊತ್ತಿಗೆ ವಿಕಿರಣ ತಾಗಿಸಿದ ಇಲಿಗಳು ಆಮೇಲೆ ಸಿಹಿ ನೀರನ್ನೇ ದೂರ ಮಾಡಿದವು. ತಪ್ಪು ಸಿಹಿ ನೀರಿನದಲ್ಲ. ಆದರೂ ದೇಹ ಅದರ ಮೇಲೇ ಗುಮಾನಿ ಇಟ್ಟಿತು. ಒಂದೇ ಒಂದು ಸಲದ ಅನುಭವ ಸಾಕು. ಎಲ್ಲವನ್ನೂ ತಿನ್ನಬಲ್ಲ ಪ್ರಾಣಿಗೆ, ಅಂದರೆ ಇಲಿಗೂ ನಮಗೂ, ಹೊಸದನ್ನು ತಿಂದು ನೋಡಬೇಕು ಎಂಬ ಆಸೆಯೂ ಇರುತ್ತದೆ, ತಿಂದರೆ ಸಾಯಬಹುದು ಎಂಬ ಹೆದರಿಕೆಯೂ ಇರುತ್ತದೆ. ಹೊಸ ಊಟದ ಹೆದರಿಕೆಯನ್ನು ಅಳೆಯಲು 1992ರಲ್ಲಿ ಇಬ್ಬರು ಸಂಶೋಧಕರು ಹತ್ತು ವಾಕ್ಯಗಳ ಒಂದು ಪಟ್ಟಿಯನ್ನೇ ಮಾಡಿದ್ದಾರೆ, ಅಷ್ಟು ಸಾಮಾನ್ಯ ಇದು. ತಂಗಿಗೆ ಇಲಿಗಳ ಕಥೆ ಹೇಳಿದಾಗ ತುಂಬಾ ಹೊತ್ತು ಸುಮ್ಮನಿದ್ದಳು. 'ಹಂಗಾದ್ರ ನಾ ಸೊಕ್ಕಿನಾಕಿ ಅಲ್ಲ' ಎಂದಳು. ಅಲ್ಲ ತಂಗಿ, ಖಂಡಿತ ಅಲ್ಲ ಎಂದೆ.

ಅವಳು ಇನ್ನೊಂದು ಪ್ರಶ್ನೆ ತಂದಿದ್ದಳು. ಬಿದಿರಿನ ಕಣಿಲೆಯಲ್ಲಿ ವಿಷ ಇರುತ್ತದೆ ಎಂದು ಮೊಬೈಲಿನಲ್ಲಿ ನೋಡಿದ್ದಳು. ಮನೆಯಲ್ಲಿ ಕೇಳಿದರೆ 'ಏನೂ ಆಗುದಿಲ್ಲ, ತಿನ್ನು' ಎಂಬ ಉತ್ತರ. ನಾನು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಹೌದು, ಹಸಿ ಕಣಿಲೆಯಲ್ಲಿ ಸೈನೈಡ್ ಹುಟ್ಟಿಸುವ ಅಂಶ ಇದೆ. ಅದಕ್ಕೇ ಹೆಚ್ಚಿ, ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಬೇಯಿಸಿ ತಿನ್ನುತ್ತಾರೆ. ಕೆಸುವಿನ ಎಲೆಯಲ್ಲಿ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ, ಕ್ಯಾಲ್ಸಿಯಂ ಆಕ್ಸಲೇಟ್. ಅದಕ್ಕೇ ಪತ್ರೊಡೆಗೆ ಹುಣಸೆ ಹುಳಿ ಧಾರಾಳವಾಗಿ ಹಾಕಿ, ಹಬೆಯಲ್ಲಿ ಚೆನ್ನಾಗಿ ಬೇಯಿಸುವುದು. ಹುಳಿ ಅಥವಾ ಬೇಯುವುದು ಕಡಿಮೆಯಾದರೆ ಯಾರಿಗಾದರೂ ತುರಿಸುತ್ತದೆ, ಅವರು ವಿಜಯಪುರದವರಾಗಿರಲಿ ಉಡುಪಿಯವರಾಗಿರಲಿ. ಹೆದರಿದವರಿಗೆ 'ಏನೂ ಆಗಲ್ಲ' ಎಂಬ ಮಾತು ಕೆಲಸ ಮಾಡುವುದಿಲ್ಲ. ಏನಾಗಬಹುದು, ಆಗದಂತೆ ಅಡುಗೆಮನೆಯಲ್ಲಿ ಏನು ಮಾಡುತ್ತಾರೆ, ಇದನ್ನು ಹೇಳಬೇಕು. ಆಟಿ ಅಮಾವಾಸ್ಯೆಯ ದಿನ ಕುಡಿಯುವ ಹಾಲೆ ಮರದ ಕೆತ್ತೆಯ, ಅಂದರೆ ತೊಗಟೆಯ, ಕಷಾಯದ ಬಗ್ಗೆಯೂ ಕೇಳಿದಳು. ಅದು ಬೇಡ ಎನಿಸಿದರೆ ಕುಡಿಯಲೇಬೇಡ ಎಂದೆ. ಮರದ ಗುರುತು ತಪ್ಪಿ ವಿಷದ ಕಾಸರಕನ ತೊಗಟೆ ತಂದರೆ ಜೀವಕ್ಕೇ ಕುತ್ತು. ಎಲ್ಲ ಹೆದರಿಕೆಯನ್ನೂ ಕಳೆಯಬೇಕಾಗಿಲ್ಲ, ಕೆಲವು ಇರಬೇಕು.

ಮೂರನೇ ಭೇಟಿಗೆ ಗಂಡ, ಅತ್ತೆ ಇಬ್ಬರನ್ನೂ ಕರೆಸಿದೆ. ಅತ್ತೆ ಬಿಗುಮಾನದಿಂದಲೇ ಬಂದರು. ಸೊಸೆ ತನ್ನ ಅಡುಗೆಯನ್ನು ದೂರಿದ್ದಾಳೆ ಎಂದುಕೊಂಡಿದ್ದರು. ನಾನು ದೂರಿನ ಮಾತೇ ತೆಗೆಯಲಿಲ್ಲ. ಪತ್ರೊಡೆ ಹೇಗೆ ಮಾಡುವುದು ಅಮ್ಮ, ಹುಳಿ ಎಷ್ಟು ಹಾಕುತ್ತೀರಿ ಎಂದು ಕೇಳಿದೆ. ಹೇಳುತ್ತಾ ಹೇಳುತ್ತಾ ನಡುವೆ ನಿಲ್ಲಿಸಿದರು. ಸೀರೆಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಆಮೇಲೆ ಸೊಸೆಯ ಕಡೆ ತಿರುಗಿ ಹೇಳಿದರು:

'ಅವತ್ತು ನಂಗೂ ತುರಿಸಿತ್ತು ಮಾರಾಯ್ತಿ. ಹುಳಿ ಸಾಕಾಗಿರ್ಲಿಲ್ಲ. ಹೊಸ ಸೊಸೆ ಎದುರು ಅಡಿಗೆ ಹಾಳಾಯ್ತು ಅಂತ ಹೇಗೆ ಹೇಳುದು? ಸುಮ್ಮನಿದ್ದೆ.'

ತಂಗಿ ಅತ್ತೆಯ ಮುಖ ನೋಡಿದಳು. ಅವಳ ಕಣ್ಣು ತುಂಬಿತು. ನಾಲ್ಕು ತಿಂಗಳು ಅವಳು ತನ್ನ ಗಂಟಲನ್ನೇ ನಂಬದೆ ಕಳೆದಿದ್ದಳು. ನನ್ನ ಯಾವ ವಿವರಣೆಗಿಂತಲೂ ಆ ಒಂದು ಮಾತು ಜಾಸ್ತಿ ಕೆಲಸ ಮಾಡಿತು, ಇದನ್ನು ನಾನು ಮನಃಪೂರ್ವಕ ಹೇಳುತ್ತೇನೆ.

ಆಮೇಲೆ ನಾಲ್ವರೂ ಕೂತು ಒಪ್ಪಂದ ಮಾಡಿಕೊಂಡೆವು. ಊಟದ ಹೊತ್ತಿಗೆ ಅವಳ ತಾಟನ್ನು ಯಾರೂ ನೋಡಬಾರದು, ತಿಂದರೂ ಮಾತಿಲ್ಲ, ಬಿಟ್ಟರೂ ಮಾತಿಲ್ಲ. ಭೇಷ್ ಎನ್ನುವುದೂ ಬೇಡ, ಅದೂ ಒಂದು ಥರ ಕಾವಲೇ. ತಾಟಿನಲ್ಲಿ ಪ್ರತಿದಿನ ಅವಳ ಗುರುತಿನ ಒಂದು ಪದಾರ್ಥ ಇರಲೇಬೇಕು. ಹೊಸದು ಒಂದು ಹೊತ್ತಿಗೆ ಒಂದೇ, ಅದೂ ಗೋಲಿಯಷ್ಟು. ಬಾಯಿಗೆ ಇಟ್ಟದ್ದನ್ನು ಉಗುಳುವ ಹಕ್ಕು ಅವಳಿಗೆ ಇದೆ. ಎಲ್ಲಕ್ಕಿಂತ ದೊಡ್ಡದು, ಬೇಡ ಎಂದರೆ ಬೇಡ. ಗಂಡನಿಗೆ ಬೇರೆಯಾಗಿ ಒಂದು ಮಾತು ಹೇಳಬೇಕಾಯಿತು. ಅವನು ಪ್ರೀತಿಯಿಂದಲೇ 'ನನಗೋಸ್ಕರ ಒಂದು ತುತ್ತು' ಎನ್ನುತ್ತಿದ್ದ. ಆ ತುತ್ತು ತಿನ್ನದಿದ್ದರೆ ಪ್ರೀತಿ ಇಲ್ಲ ಎಂದಾಗುತ್ತದೆ, ಅಲ್ವಾ? ಗಂಟಲು ಮೊದಲೇ ಬಿಗಿದವಳಿಗೆ ಆ ಭಾರ ಬೇರೆ ಏಕೆ. ಅವನು ಒಪ್ಪಿದ. ನಕ್ಕದ್ದಕ್ಕೆ ಕ್ಷಮೆಯನ್ನೂ ಕೇಳಿದ.

ತಂಗಿಗೆ ಕೊಟ್ಟ ಕೆಲಸ ಬಾಯಿಂದ ಶುರುವಾಗಲಿಲ್ಲ. ಮೊದಲ ವಾರ ಅಡುಗೆಮನೆಯಲ್ಲಿ ಅತ್ತೆಯ ಪಕ್ಕ ನಿಂತು ನೋಡುವುದು ಮಾತ್ರ. ಎರಡನೇ ವಾರ ಕೈ ಹಾಕುವುದು, ತೆಂಗಿನಕಾಯಿ ತುರಿಯುವುದು, ಮಸಾಲೆ ರುಬ್ಬುವುದು. ತಾನೇ ರುಬ್ಬಿದ ಮಸಾಲೆಯಲ್ಲಿ ಏನಿದೆ ಎಂದು ಗೊತ್ತಿರುತ್ತದೆ, ಹಾಗಾಗಿ ಅರ್ಧ ಹೆದರಿಕೆ ರುಬ್ಬುವಾಗಲೇ ಕರಗುತ್ತದೆ. ಆಮೇಲೆ ಹಳೆಯದರ ಕೈ ಹಿಡಿದು ಹೊಸದು. ನೀರುದೋಸೆಗೆ ಶೇಂಗಾ ಹಿಂಡಿ, ಅಂದರೆ ಅವಳ ಕಡೆಯ ಚಟ್ನಿಪುಡಿ. ಕುಚ್ಚಲಕ್ಕಿ ಗಂಜಿಗೆ ಗುರೆಳ್ಳು ಹಿಂಡಿ. ಒಂದೇ ಸಲಕ್ಕೆ ರುಚಿ ಹತ್ತಬೇಕು ಎಂಬ ಆಸೆ ಬೇಡ ಎಂದೆ. ಮಕ್ಕಳ ಮೇಲೆ ನಡೆದ ಅಧ್ಯಯನಗಳಲ್ಲಿ ಒಂದು ಹೊಸ ತಿನಿಸು ಹಿಡಿಸುವುದಕ್ಕೆ ಎಂಟರಿಂದ ಹದಿನೈದು ಸಲ ಬೇಕಾದದ್ದಿದೆ. ದೊಡ್ಡವರಿಗೂ ಸಮಯ ಬೇಕು.

ಈ ಹಿಂಡಿಯಿಂದಲೇ ಇನ್ನೊಂದು ಬಾಗಿಲು ತೆರೆಯಿತು. ಹಿಂಡಿ ಎಂದ ಕೂಡಲೇ ಅತ್ತೆ 'ಹಿಂಡಿ ದನಕ್ಕೆ ಹಾಕುದಲ್ವಾ?' ಎಂದರಂತೆ. ತಂಗಿ ತವರಿನಿಂದ ತಂದ ಪುಂಡಿ ಪಲ್ಯ ಮಾಡುತ್ತೇನೆ ಎಂದರೆ ಅವರ ಕಣ್ಣ ಮುಂದೆ ಬಂದದ್ದು ಅಕ್ಕಿ ತರಿಯ ಉಂಡೆ, ತುಳುವಿನಲ್ಲಿ ಪುಂಡಿ ಅಂದರೆ ಅದೇ. ಅವಳದ್ದು ಹುಳಿ ಸೊಪ್ಪು. ಅವಳು ರೊಟ್ಟಿಯ ಜೊತೆ ಹಸಿ ಮೆಂತ್ಯ ಸೊಪ್ಪನ್ನು ಹಾಗೇ ಕಚ್ಚಿ ತಿನ್ನುವುದನ್ನು ನೋಡಿ ಅತ್ತೆಗೆ ಗಾಬರಿ. ಬೇಯಿಸದ ಸೊಪ್ಪು ಹೊಟ್ಟೆಗೆ ಹೋದರೆ ಏನಾದೀತೋ ಎಂದು! ಐದನೇ ಭೇಟಿಯಲ್ಲಿ ಅವರೇ ಇದನ್ನು ಹೇಳಿ, ಸ್ವಲ್ಪ ತಡೆದು, 'ಅವಳಿಗೂ ನನ್ನ ಅಡಿಗೆ ನೋಡಿದ್ರೆ ಹೀಗೇ ಆಗ್ತದೆ ಅಲ್ವಾ ಮೇಡಂ?' ಎಂದು ಕೇಳಿದರು. ನಾನು ತಲೆಯಾಡಿಸಿದೆ ಅಷ್ಟೇ. ಅಂದಿನಿಂದ ವಾರಕ್ಕೆ ಎರಡು ದಿನ ರಾತ್ರಿ ಊಟ ಸೊಸೆಯದ್ದು ಎಂದಾಯಿತು. ಅತ್ತೆಗೂ ಅದೇ ನಿಯಮ: ಗೋಲಿಯಷ್ಟು, ಬೇಡ ಎಂದರೆ ಬೇಡ.

ಮೀನಿನ ವಿಷಯಕ್ಕೆ ನಾನು ಅವಸರ ಮಾಡಲಿಲ್ಲ. ಫೆಬ್ರವರಿಯಲ್ಲಿ ಅವಳೇ ಕೇಳಿದಳು. ಮುಳ್ಳಿನ ಹೆದರಿಕೆ ದೊಡ್ಡದಿತ್ತು, ಹಾಗಾಗಿ ಬೂತಾಯಿ ಬೇಡ, ಕಾಣೆಯಿಂದ ಶುರು ಮಾಡಿ ಎಂದೆ. ಕಾಣೆಯ ನಡುಮುಳ್ಳು ಒಂದೇ ಸಲಕ್ಕೆ ಬಿಟ್ಟುಬರುತ್ತದೆ. ಅತ್ತೆ ರವೆ ಹಚ್ಚಿ ಹುರಿದು, ಮುಳ್ಳು ತೆಗೆದು, ಒಂದು ಎಸಳನ್ನು ರೊಟ್ಟಿಯ ಅಂಚಿನಲ್ಲಿ ಇಟ್ಟು ಅಡುಗೆಮನೆಗೆ ಹೋದರಂತೆ. ನೋಡುತ್ತಾ ನಿಲ್ಲಲಿಲ್ಲ. ಮೊದಲ ದಿನ ಅದು ಹಾಗೇ ಉಳಿಯಿತು. ಎರಡನೇ ಸಲ ನಾಲಿಗೆ ತುದಿಗೆ ಮುಟ್ಟಿಸಿದಳು. ಐದನೇ ಸಲ ನುಂಗಿದಳು.

ನಡುವೆ ಒಂದು ಹಿನ್ನಡೆ ಆಯಿತು. ಮದುವೆ ಮನೆಯೊಂದರಲ್ಲಿ ನೆಂಟರೊಬ್ಬರು ಎಲ್ಲರೆದುರು ಅವಳ ಎಲೆಗೆ ಒತ್ತಾಯದಿಂದ ಮರುವಾಯಿ ಸುಕ್ಕ, ಅಂದರೆ ಚಿಪ್ಪುಮೀನಿನ ಒಣ ಪಲ್ಯ, ಬಡಿಸಿದರು. ಚಿಪ್ಪು ನೋಡಿದ್ದೇ ಗಂಟಲು ಬಿಗಿಯಿತು, ಎದ್ದು ಹೋದಳು. ಮೂರು ದಿನ ಮತ್ತೆ ಬರೀ ಮೊಸರನ್ನ. ಎಲ್ಲ ಹಾಳಾಯಿತು ಅಕ್ಕಾ ಎಂದು ಫೋನಿನಲ್ಲಿ ಅತ್ತಳು. ಹಾಳಾಗಿಲ್ಲ, ಹಿಂದಿನ ಮೆಟ್ಟಿಲಿಗೆ ಹೋಗಿ ನಿಂತುಕೊ, ನೀರುದೋಸೆ ಮತ್ತು ಹಿಂಡಿ, ಅಲ್ಲಿಂದ ಮತ್ತೆ ಹೊರಡೋಣ ಎಂದೆ. ಮುಂದಿನ ಸಲ ಯಾರಾದರೂ ಬಡಿಸಲು ಬಂದರೆ ಹೇಳುವುದಕ್ಕೆ ಒಂದು ವಾಕ್ಯವನ್ನೂ ಅಭ್ಯಾಸ ಮಾಡಿಸಿದೆ: 'ಈಗ ಬೇಡ, ಬೇಕಾದರೆ ನಾನೇ ಕೇಳುತ್ತೇನೆ.' ಕನ್ನಡಿ ಮುಂದೆ ನಿಂತು ಹತ್ತು ಸಲ ಹೇಳಿಕೊಂಡಳಂತೆ. ಗಂಡ ಅದನ್ನು ತುಳುವಿನಲ್ಲೂ ಕಲಿಸಿಕೊಟ್ಟ.

ಏಪ್ರಿಲ್ ಹೊತ್ತಿಗೆ ತೂಕ 50 ಆಯಿತು, ಭೇಟಿಗಳನ್ನು ನಿಲ್ಲಿಸಿದೆವು. ಪತ್ರೊಡೆಯನ್ನು ಮುಟ್ಟಿರಲಿಲ್ಲ, ಬೇಸಿಗೆಯಲ್ಲಿ ಕೆಸುವಿನ ಎಲೆ ಎಲ್ಲಿ ತರುವುದು. ಮಳೆ ಬರಲಿ, ಆಮೇಲೆ ನಿನ್ನ ಇಷ್ಟ ಎಂದಿದ್ದೆ.

ಆಟಿಯಲ್ಲಿ ಫೋನ್ ಬಂತು. ಎಲೆ ಹೆಚ್ಚುವ ಮೊದಲು ಕೈಗೆ ಎಣ್ಣೆ ಸವರಿಕೊಂಡಳಂತೆ, ಹುಳಿಯನ್ನು ಅತ್ತೆ ಹೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಹಾಕಿದಳಂತೆ. ಬೆಂದ ಮೇಲೆ ಮೊದಲ ತುಂಡನ್ನು ಅತ್ತೆ ತಿಂದರು. ಅರ್ಧ ಗಂಟೆ ಇಬ್ಬರೂ ಜಗಲಿಯಲ್ಲಿ ಕೂತು ಮಳೆ ನೋಡಿದರು. 'ತುರಿಸುದಿಲ್ಲ' ಎಂದು ಅತ್ತೆ ಹೇಳಿದ ಮೇಲೆ ಇವಳು ಒಂದು ತುಂಡು ತಿಂದಳು. ಎರಡನೆಯದು ಬೇಡ ಎನಿಸಿತು, ಬಿಟ್ಟಳು. ಯಾರೂ ಏನೂ ಅನ್ನಲಿಲ್ಲ.

ಮರುವಾಯಿ ಇವತ್ತಿಗೂ ತಿನ್ನುವುದಿಲ್ಲ. ಅದು ಮಾಡುವ ದಿನ ಅತ್ತೆ ಅವಳಿಗೆ ಬೇರೆ ಸಾರು ತೆಗೆದಿಡುತ್ತಾರೆ.