ಟೈಪ್-9 ಕೊಳ್ಳಲು ದುಡ್ಡಿದೆ, ಸರಕು ತುಂಬಲು ಇದೆಯೇ?

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಎಲೀಟ್ ಡೇಂಜರಸ್ ಆಟದ ದೊಡ್ಡ ಸರಕು ಹಡಗುಗಳ ಬಗ್ಗೆಯೇ ಇವೆ. ಆಟ ಗೊತ್ತಿಲ್ಲದವರಿಗೆ ಎರಡು ಮಾತು: ಬ್ರಿಟನ್ನಿನ ಕೇಂಬ್ರಿಡ್ಜ್‌ನ ಫ್ರಾಂಟಿಯರ್ ಡೆವಲಪ್‌ಮೆಂಟ್ಸ್ ಕಂಪನಿ 2014ರ ಡಿಸೆಂಬರ್‌ನಲ್ಲಿ ಹೊರತಂದ ಆಟ ಇದು. ನಮ್ಮ ಕ್ಷೀರಪಥವನ್ನೇ ಸುಮಾರು 40,000 ಕೋಟಿ ನಕ್ಷತ್ರ ವ್ಯೂಹಗಳ ಸಮೇತ ಕಂಪ್ಯೂಟರಿನೊಳಗೆ ಹಾಸಿಟ್ಟಿದ್ದಾರೆ. ಅಲ್ಲಿ ನೀವು ಒಬ್ಬ ಪೈಲಟ್. ಕಾದಾಡಬಹುದು, ಅಲೆಯಬಹುದು, ವ್ಯಾಪಾರ ಮಾಡಬಹುದು. ಆಟ ಬೆಲೆಗಳನ್ನು ಮಿಲಿಯನ್ ಲೆಕ್ಕದಲ್ಲಿ ತೋರಿಸುತ್ತದೆ, ನಾನು ಲಕ್ಷ-ಕೋಟಿಯಲ್ಲೇ ಬರೆಯುತ್ತೇನೆ. ಅಲ್ಲಿನ ಹಣದ ಹೆಸರು ಕ್ರೆಡಿಟ್. ಟೈಪ್-6ರಿಂದ ಟೈಪ್-9ರವರೆಗಿನವು ಸರಕು ಹಡಗಿನ ಮಾದರಿಗಳು.

ಪ್ರಶ್ನೆ: ಸರ್, ನನ್ನ ಹತ್ರ ಟೈಪ್-6 ಇದೆ. ಕಷ್ಟಪಟ್ಟು 8 ಕೋಟಿ ಕ್ರೆಡಿಟ್ ಕೂಡಿಸಿದ್ದೀನಿ. ಟೈಪ್-9 ಹೆವಿ 7.65 ಕೋಟಿ ತೋರಿಸ್ತಿದೆ. ಫ್ರೆಂಡ್ಸ್ ಎಲ್ಲ ತಗೋ ತಗೋ ಅಂತಿದ್ದಾರೆ. ಇವತ್ತೇ ತಗೊಂಡುಬಿಡಲಾ?
— ಓದುಗರು, ದಾವಣಗೆರೆ

ಉತ್ತರ: ಬೇಡ. ಕೊಂಡ ಮರುಕ್ಷಣ ನಿಮ್ಮ ಕೈಯಲ್ಲಿ ಉಳಿಯುವುದು 35 ಲಕ್ಷ. ಟನ್ನಿಗೆ 45 ಸಾವಿರದ ಲೆಕ್ಕದಲ್ಲಿ ಚಿನ್ನ ತುಂಬುತ್ತೀರಿ ಎಂದಿಟ್ಟುಕೊಳ್ಳಿ, ಆ ದುಡ್ಡಿಗೆ ಬರುವುದು ಎಪ್ಪತ್ತೇಳು ಟನ್. ಅಷ್ಟನ್ನು ನಿಮ್ಮ ಈಗಿನ ಟೈಪ್-6 ಹೊತ್ತು ಇನ್ನೂ ಜಾಗ ಉಳಿಸಿಕೊಳ್ಳುತ್ತದೆ. ಲಾರಿ ಕೊಂಡು ಡೀಸೆಲ್‌ಗೆ ಕೈಸಾಲ ಕೇಳಿದ ಹಾಗಾಗುತ್ತದೆ. ವ್ಯತ್ಯಾಸ ಇಷ್ಟೇ, ಇಲ್ಲಿ ಸಾಲ ಕೊಡುವವರೂ ಸಿಗುವುದಿಲ್ಲ.

ಅಷ್ಟಕ್ಕೂ 7.65 ಕೋಟಿ ಎನ್ನುವುದು ಬರೀ ಹಡಗಿನ ಬೆಲೆ. ಷೋರೂಮಿನಿಂದ ಬಂದ ಟೈಪ್-9ರಲ್ಲಿ ಎಲ್ಲವೂ ಕೆಳದರ್ಜೆಯ ಸಾಮಾನು. ಕಾರ್ಗೋ ರ್ಯಾಕ್‌ಗಳ ಲೆಕ್ಕ ಹೀಗೆ: ಒಂದನೇ ಅಳತೆಯದು 2 ಟನ್, ಆಮೇಲೆ ಒಂದೊಂದು ಮೆಟ್ಟಿಲಿಗೂ ದುಪ್ಪಟ್ಟು. ಎಂಟನೇ ಅಳತೆಗೆ ಬರುವಾಗ 256 ಟನ್. ಟೈಪ್-9ರಲ್ಲಿ ಎಂಟನೇ ಅಳತೆಯ ಜಾಗ ಎರಡಿವೆ, ಅಲ್ಲಿ ಕೂರಿಸುವ ರ್ಯಾಕ್ ಒಂದಕ್ಕೆ 38 ಲಕ್ಷ. ಅಂದರೆ ನಿಮಗೆ ಒಂದೂ ಬರುವುದಿಲ್ಲ! ಎಲ್ಲ ರ್ಯಾಕ್ ಸೇರಿ ಕೋಟಿಯ ಹತ್ತಿರ. ತುಂಬಿದ ಹಡಗು ಒಂದೇ ನೆಗೆತಕ್ಕೆ ಹೇಳಿಕೊಳ್ಳುವಷ್ಟು ದೂರ ಹೋಗಬೇಕಾದರೆ ಆರನೇ ಅಳತೆಯ ಎ ದರ್ಜೆಯ ಎಫ್‌ಎಸ್‌ಡಿ (ಹಡಗನ್ನು ನಕ್ಷತ್ರದಿಂದ ನಕ್ಷತ್ರಕ್ಕೆ ನೆಗೆಸುವ ಡ್ರೈವ್) ಬೇಕು, ಅದಕ್ಕೆ 1.6 ಕೋಟಿ. ಶೀಲ್ಡ್, ಪವರ್ ಪ್ಲಾಂಟ್ ಸೇರಿಸಿದರೆ ಹಡಗು ರಸ್ತೆಗಿಳಿಯುವಾಗ ಹತ್ತೂವರೆ ಕೋಟಿ ಖರ್ಚಾಗಿರುತ್ತದೆ. ತುಂಬು ಹೊರೆ ಚಿನ್ನಕ್ಕೆ ಇನ್ನೊಂದು 3.4 ಕೋಟಿ. ಹಡಗು ಹಾಳಾದರೆ ವಿಮೆಯಲ್ಲಿ ನಿಮ್ಮ ಪಾಲಿಗೆ ಬರುವ ರೀಬೈ ಮೊತ್ತ, ಒಟ್ಟು ಬೆಲೆಯ ಶೇ 5, ಅಂದರೆ 50 ಲಕ್ಷದ ಮೇಲೆ. ಎರಡು ಸಲಕ್ಕಾಗುವಷ್ಟು ಇರಲಿ. ಕೂಡಿಸಿ ನೋಡಿ, 15 ಕೋಟಿ ಆಗುತ್ತದೆ.

ಹಾಗಾದರೆ ಈಗ ಏನು ಮಾಡುವುದು? 1.75 ಕೋಟಿ ಕೊಟ್ಟು ಟೈಪ್-7 ತಗೊಳ್ಳಿ. ಸುಮಾರು 300 ಟನ್ ಹಿಡಿಯುತ್ತದೆ. ಚೆನ್ನಾಗಿ ಸಜ್ಜು ಮಾಡಿ, ತುಂಬು ಹೊರೆ ಸರಕು ಹಾಕಿದ ಮೇಲೂ ಮೂರ್ನಾಲ್ಕು ಕೋಟಿ ಕೈಯಲ್ಲಿರುತ್ತದೆ. ಟನ್ನಿಗೆ 20 ಸಾವಿರ ಲಾಭ ಸಿಗುವ ದಾರಿ ಹಿಡಿದರೆ ಒಂದು ಖೇಪಿಗೆ 60 ಲಕ್ಷ. ಇಪ್ಪತ್ತು ಖೇಪಿನೊಳಗೆ ಆ 15 ಕೋಟಿ ಮುಟ್ಟುತ್ತೀರಿ, ಅದೂ ಒಂದು ರಾತ್ರಿಯೂ ಎದೆ ಹಿಡಿದುಕೊಂಡು ಕೂರದೆ. ಟೈಪ್-7ರ ಒಂದು ತಕರಾರು ಮೊದಲೇ ಹೇಳಿಬಿಡುತ್ತೇನೆ. ಮೈಕಟ್ಟಿನಲ್ಲಿ ಮಧ್ಯಮ ಗಾತ್ರ, ಆದರೆ ಎತ್ತರ ಒಂದಿಷ್ಟು ಹೆಚ್ಚಾದ್ದರಿಂದ ನಿಲ್ದಾಣದಲ್ಲಿ ಹಡಗು ಇಳಿಯುವ ಮೀಡಿಯಂ ಪ್ಯಾಡ್‌ನಲ್ಲಿ ಕೂರುವುದಿಲ್ಲ, ದೊಡ್ಡ ಪ್ಯಾಡೇ ಬೇಕು. ವಿನ್ಯಾಸ ಮಾಡಿದವರಿಗೆ ಆಟಗಾರರು ಇವತ್ತಿಗೂ ಶಾಪ ಹಾಕುತ್ತಾರೆ. ಅದು ಕಿರಿಕಿರಿ ಎನಿಸಿದರೆ 2024ರಲ್ಲಿ ಬಂದ ಟೈಪ್-8 ನೋಡಿ: ಬೆಲೆ ಜಾಸ್ತಿ, ಆದರೆ 400 ಟನ್ ಹೊತ್ತು ಮೀಡಿಯಂ ಪ್ಯಾಡ್‌ನಲ್ಲೇ ಇಳಿಯುತ್ತದೆ. ನನ್ನನ್ನು ಕೇಳಿದರೆ ಆಟದಲ್ಲಿರುವ ಅತ್ಯಂತ ಬುದ್ಧಿವಂತ ಸರಕು ಹಡಗು ಅದೇ. ಗೆಳೆಯರ ಮುಂದೆ ಮೀಸೆ ತಿರುವಲು ಮಾತ್ರ ಸಾಲದು.

ಪ್ರಶ್ನೆ: ವಿಡಿಯೋ ಒಂದರಲ್ಲಿ ಹೇಳಿದ ಹಾಗೆ ಟೈಪ್-9ರ ಶೀಲ್ಡ್ ತೆಗೆದು ಪೂರ್ತಿ ರ್ಯಾಕ್ ಹಾಕಿಸಿದೆ. 788 ಟನ್ ಚಿನ್ನ ಹೊತ್ತು ಹೋಗುವಾಗ ದಾರಿಯಲ್ಲಿ ಕಡಲ್ಗಳ್ಳ ಎಳೆದು ಹೊಡೆದುಹಾಕಿದ. ಹಡಗು ವಾಪಸ್ ಬಂತು, ಚಿನ್ನ ಬರಲಿಲ್ಲ. ವಿಮೆ ಇದೆಯಲ್ಲ ಸರ್, ಇದು ಬಗ್ ಇರಬಹುದಾ?
— ಓದುಗರು, ಮಂಗಳೂರು

ಉತ್ತರ: ಬಗ್ ಅಲ್ಲ, ನಿಯಮವೇ ಹಾಗೆ. ವಿಮೆ ಹಡಗಿಗೆ, ಅದಕ್ಕೆ ಜೋಡಿಸಿದ ಭಾಗಗಳಿಗೆ ಮಾತ್ರ. ಸರಕು ಹೋದರೆ ಹೋಯಿತು. ಹೊಸಬರು ದಿವಾಳಿಯಾಗುವುದು ಇಲ್ಲೇ: ರೀಬೈಗೆ ಅಂತ 50 ಲಕ್ಷ ಎತ್ತಿಟ್ಟಿರುತ್ತಾರೆ, ಹೊಟ್ಟೆಯೊಳಗಿನ ಮೂರೂವರೆ ಕೋಟಿ ಲೆಕ್ಕಕ್ಕೇ ಬಂದಿರುವುದಿಲ್ಲ.

ಶೀಲ್ಡ್ ತೆಗೆದು ನೀವು ಗಳಿಸಿದ್ದೆಷ್ಟು ನೋಡಿ. ಐದನೇ ಅಳತೆಯ ಶೀಲ್ಡ್ ಕೂರುವ ಜಾಗದಲ್ಲಿ ರ್ಯಾಕ್ ಇಟ್ಟರೆ 32 ಟನ್. ಟನ್ನಿಗೆ 20 ಸಾವಿರದಂತೆ ಖೇಪಿಗೆ 6.4 ಲಕ್ಷ ಹೆಚ್ಚುವರಿ. ಒಮ್ಮೆ ಹೊಡೆಸಿಕೊಂಡರೆ ಸರಕು, ರೀಬೈ ಸೇರಿ ನಾಲ್ಕು ಕೋಟಿ ನಷ್ಟ. ಅದನ್ನು ಆ 32 ಟನ್ನಿನಿಂದಲೇ ತುಂಬಿಸಿಕೊಳ್ಳಲು ಅರವತ್ತು ಖೇಪು ಹೊಡೆಯಬೇಕು. ಬಡ್ಡಿಯ ಆಸೆಗೆ ಅಸಲು ಕಳೆದುಕೊಳ್ಳುವುದು ಅಂದರೆ ಇದು. ಕಳ್ಳನೇ ಬೇಡ, ಅವಸರದಲ್ಲಿ ನಿಲ್ದಾಣದ ಬಾಗಿಲಿಗೆ ಅಡ್ಡ ತಗುಲಿದರೂ ಶೀಲ್ಡ್ ಇಲ್ಲದ ಹಡಗಿನ ಮೈಯೇ ಸವೆಯುತ್ತದೆ.

ಇನ್ನು ಕಳ್ಳ ಬಂದಾಗ ಏನು ಮಾಡಬೇಕು ಅನ್ನುವುದು. ಸೂಪರ್‌ಕ್ರೂಸ್‌ನಲ್ಲಿ, ಅಂದರೆ ಒಂದೇ ವ್ಯೂಹದೊಳಗಿನ ಅತಿವೇಗದ ಓಟದಲ್ಲಿ, ಹೋಗುತ್ತಿರುವಾಗ ನಿಮ್ಮ ಸರಕಿನ ಮೇಲೆ ಕಣ್ಣಿಟ್ಟ ಧಾಟಿಯ ಒಂದು ಸಂದೇಶ ಬರುತ್ತದೆ. ಸ್ವಲ್ಪ ಹೊತ್ತಿಗೆ ಪರದೆ ನಡುಗಿ ಸುರಂಗದಂಥ ನೋಟ ತೆರೆದುಕೊಳ್ಳುತ್ತದೆ, ಕಳ್ಳ ನಿಮ್ಮನ್ನು ಆ ಓಟದಿಂದ ಹೊರಗೆಳೆಯುತ್ತಿದ್ದಾನೆ ಎಂದರ್ಥ. ತಪ್ಪಿಸಿಕೊಳ್ಳುವ ದಿಕ್ಕು ಅತ್ತಿತ್ತ ಓಡಾಡುತ್ತಿರುತ್ತದೆ. ಸಣ್ಣ ಹಡಗಿನವರು ಅದನ್ನು ಬೆನ್ನಟ್ಟಿ ಗೆಲ್ಲುತ್ತಾರೆ. ಟೈಪ್-9 ಅಷ್ಟು ಚುರುಕಾಗಿ ತಿರುಗುವ ಪ್ರಾಣಿಯಲ್ಲ. ಹೋರಾಡಿ ಸೋತರೆ ಮೈಗೂ ಏಟು, ಎಫ್‌ಎಸ್‌ಡಿ ಮತ್ತೆ ಕೆಲಸಕ್ಕೆ ಬರಲು ಮುಕ್ಕಾಲು ನಿಮಿಷದ ಹತ್ತಿರ ಕಾಯಬೇಕು. ಆದ್ದರಿಂದ ಥ್ರಾಟಲ್ ಸೊನ್ನೆಗಿಳಿಸಿ, ನೀವಾಗಿಯೇ ಶರಣಾಗಿ. ಆಗ ಹತ್ತೇ ಸೆಕೆಂಡಿನಲ್ಲಿ ಡ್ರೈವ್ ಸಿದ್ಧ.

ಇಲ್ಲಿ ಹಲವರು ಎಡವುತ್ತಾರೆ. ಗಾಬರಿಯಲ್ಲಿ ಅದೇ ವ್ಯೂಹದ ಸೂಪರ್‌ಕ್ರೂಸ್‌ಗೆ ವಾಪಸ್ ಹೋಗಲು ನೋಡುತ್ತಾರೆ. ಹತ್ತಿರ ಭಾರದ ಹಡಗಿದ್ದರೆ ಮಾಸ್ ಲಾಕ್ ಬಿದ್ದು ಡ್ರೈವ್ ಚಾರ್ಜ್ ಆಗುವುದೇ ಇಲ್ಲವೇನೋ ಎನ್ನುವಷ್ಟು ನಿಧಾನ. ಅದರ ಬದಲು ಪಕ್ಕದ ಯಾವುದಾದರೂ ನಕ್ಷತ್ರ ವ್ಯೂಹವನ್ನು ಗುರಿ ಹಾಕಿ ಅಲ್ಲಿಗೆ ನೆಗೆಯಿರಿ. ಆಟಗಾರರು ಹೈ ವೇಕ್ ಅನ್ನುವುದು ಇದನ್ನೇ, ಇದಕ್ಕೆ ಮಾಸ್ ಲಾಕ್ ಕಾಟವಿಲ್ಲ. ಪ್ರಯಾಣ ಶುರು ಮಾಡುವಾಗಲೇ ಅಂಥ ಒಂದು ವ್ಯೂಹ ಆರಿಸಿಟ್ಟುಕೊಂಡಿರಿ. ಗುಂಡು ಬೀಳುವಾಗ ನಕ್ಷೆ ತೆರೆಯುವುದು ಕಷ್ಟ. ಎಳೆದು ಹಾಕಿದ ತಕ್ಷಣ ಶಕ್ತಿ ಹಂಚಿಕೆಯಲ್ಲಿ ನಾಲ್ಕು ಕಡ್ಡಿ ಶೀಲ್ಡ್ ಕಡೆಗೆ, ಎರಡು ಎಂಜಿನ್‌ಗೆ, ಆಮೇಲೆ ಬೂಸ್ಟ್. ತಿರುಗಿ ಗುಂಡು ಹಾರಿಸುವ ಹಂಬಲ ಬೇಡ.

ಪ್ರಶ್ನೆ: ಇನಾರಾ ಸೈಟ್‌ನಲ್ಲಿ ಟನ್ನಿಗೆ 40 ಸಾವಿರ ಲಾಭ ಅಂತ ತೋರಿಸಿದ ಕಡೆ ಹೋದೆ. ಕೊಳ್ಳುವ ಕಡೆ ಬರೀ 90 ಟನ್ ಇತ್ತು. ಇನ್ನೊಂದು ಸಲ ಮಾರುವ ನಿಲ್ದಾಣಕ್ಕೆ ಹೋದರೆ ದೊಡ್ಡ ಹಡಗು ಇಳಿಯಲು ಜಾಗವೇ ಇಲ್ಲ. ಆ ಮಾಹಿತಿಯನ್ನು ನಂಬಬಹುದೇ?
— ಓದುಗರು, ಮೈಸೂರು

ಉತ್ತರ: ಮಾಹಿತಿ ಸುಳ್ಳಲ್ಲ, ಹಳೆಯದು. ಬೆಲೆಗಳನ್ನು ಕಂಪನಿ ಕೊಡುವುದಿಲ್ಲ. ನಿಮ್ಮಂಥ ಆಟಗಾರರು ನಿಲ್ದಾಣಕ್ಕೆ ಇಳಿದಾಗ ಅವರ ಕಂಪ್ಯೂಟರಿನಲ್ಲಿರುವ ಒಂದು ಸಣ್ಣ ತಂತ್ರಾಂಶ ಅಲ್ಲಿನ ಧಾರಣೆಯನ್ನು ಇಡಿಡಿಎನ್ ಎಂಬ ಜಾಲಕ್ಕೆ ಕಳಿಸುತ್ತದೆ, ಇನಾರಾ ಅಲ್ಲಿಂದ ಎತ್ತಿಕೊಳ್ಳುತ್ತದೆ. ಕೊನೆಯವರು ಇಳಿದು ಎರಡು ದಿನವಾಗಿದ್ದರೆ ನೀವು ನೋಡುತ್ತಿರುವುದು ಎರಡು ದಿನದ ಹಿಂದಿನ ಧಾರಣೆ. 40 ಸಾವಿರ ಲಾಭ ಎದ್ದು ಕಾಣುವಾಗ ನಿಮಗಿಂತ ಮೊದಲು ನೂರು ಜನ ಅದನ್ನು ನೋಡಿರುತ್ತಾರೆ.

ದೊಡ್ಡ ಹಡಗಿನವರು ಲಾಭದ ಅಂಕಿಯನ್ನು ಕೊನೆಗೆ ನೋಡಬೇಕು. ಮೊದಲು ಸ್ಟಾಕ್: ನಿಮ್ಮ ಹೊರೆಯ ಹಲವು ಪಟ್ಟು ಇರಬೇಕು. 750 ಟನ್ ಹಡಗಿಗೆ ಒಂದೆರಡು ಸಾವಿರ ಇದ್ದರೂ ನನಗೆ ಕಡಿಮೆಯೇ ಅನಿಸುತ್ತದೆ. ಆಮೇಲೆ ಬೇಡಿಕೆ: ಮಾರುವ ಕಡೆ ಬೇಡಿಕೆ ಸಣ್ಣದಿದ್ದು ನೀವು ಒಂದೇ ಸಲ ಪೂರ್ತಿ ಸುರಿದರೆ ದರ ಕುಸಿಯುತ್ತದೆ. ಪ್ಯಾಡ್ ಗಾತ್ರದ ಫಿಲ್ಟರ್ ಅನ್ನು ದೊಡ್ಡದಕ್ಕೇ ಇಟ್ಟುಬಿಡಿ. ಔಟ್‌ಪೋಸ್ಟ್ ಎಂಬ ಸಣ್ಣ ನಿಲ್ದಾಣಗಳಲ್ಲಿ ದೊಡ್ಡ ಪ್ಯಾಡ್ ಇರುವುದಿಲ್ಲ. ಕೊರಿಯೋಲಿಸ್, ಆರ್ಬಿಸ್, ಒಸೆಲಸ್ ಮಾದರಿಯವುಗಳಲ್ಲಿ ಇರುತ್ತದೆ.

ಅದಕ್ಕಿಂತ ಮುಖ್ಯ, ನಕ್ಷತ್ರದಿಂದ ನಿಲ್ದಾಣಕ್ಕೆ ಎಷ್ಟು ಲೈಟ್ ಸೆಕೆಂಡ್ (ಬೆಳಕು ಒಂದು ಸೆಕೆಂಡಿನಲ್ಲಿ ಸಾಗುವ ದೂರ) ಎನ್ನುವುದು. ವ್ಯೂಹದಿಂದ ವ್ಯೂಹಕ್ಕೆ ನೆಗೆಯಲು ಒಂದು ನಿಮಿಷ ಸಾಕು. ಸಮಯ ತಿನ್ನುವುದು ಒಳಗಿನ ದಾರಿ. ಆಲ್ಫಾ ಸೆಂಟಾರಿಯ ಹಟನ್ ಆರ್ಬಿಟಲ್ ಇದಕ್ಕೆ ಜಗತ್ಪ್ರಸಿದ್ಧ: ಇಳಿಯುವ ನಕ್ಷತ್ರದಿಂದ 0.22 ಜ್ಯೋತಿರ್ವರ್ಷ ದೂರ, ಹಳೆಯ ಡ್ರೈವ್‌ನಲ್ಲಿ ಗಂಟೆಗೂ ಮೇಲೆ ನೇರ ದಾರಿ. ಅಲ್ಲಿ ಬಿಟ್ಟಿ ಅನಕೊಂಡಾ ಹಡಗು ಕೊಡುತ್ತಾರೆ ಅಂತ ಹಳಬರು ಹೊಸಬರನ್ನು ಕಳಿಸಿ ನಗುತ್ತಾರೆ, ನೀವು ಹೋಗಬೇಡಿ. ಟೈಪ್-9ರಲ್ಲಿ ಹೋದವರಿಗಂತೂ ಇನ್ನೊಂದು ಬಹುಮಾನವಿದೆ, ಅಲ್ಲಿ ದೊಡ್ಡ ಪ್ಯಾಡೇ ಇಲ್ಲ. 2024ರಲ್ಲಿ ಬಂದ, ಸೂಪರ್‌ಕ್ರೂಸನ್ನೇ ಇನ್ನಷ್ಟು ವೇಗವಾಗಿಸುವ ಎಸ್‌ಸಿಒ ಡ್ರೈವ್ ದೂರದ ದಾರಿಯನ್ನು ಎಷ್ಟೋ ಮೊಟಕು ಮಾಡಿದೆ, ನಿಜ. ಆದರೆ ಅದಕ್ಕೆಂದೇ ಕಟ್ಟದ ಹಳೆಯ ಭಾರೀ ಹಡಗುಗಳು ಅದರಲ್ಲಿ ಬಿಸಿಯಾಗುತ್ತವೆ, ಇಂಧನ ಕುಡಿಯುತ್ತವೆ, ದಿಕ್ಕೂ ತಪ್ಪುತ್ತವೆ. ನಾನು ಸಾವಿರ ಲೈಟ್ ಸೆಕೆಂಡ್ ದಾಟಿದ ನಿಲ್ದಾಣದ ಕಡೆ ತಲೆ ಹಾಕುವುದಿಲ್ಲ. ಟನ್ನಿಗೆ 18 ಸಾವಿರ ಸಿಗುವ ಹತ್ತು ನಿಮಿಷದ ಖೇಪು, 28 ಸಾವಿರ ಸಿಗುವ ಇಪ್ಪತ್ತು ನಿಮಿಷದ ಖೇಪಿಗಿಂತ ಮೇಲು. ಲೆಕ್ಕ ಗಂಟೆಗೆ ಹಾಕಿ.

ಖಾಲಿ ಹಡಗಿನಲ್ಲಿ ವಾಪಸ್ ಬರುವುದಂತೂ ಪಾಪ. ಗಣಿ ವ್ಯೂಹ ಅದಿರು ಮಾರುತ್ತದೆ, ಶುದ್ಧೀಕರಣ ವ್ಯೂಹ ಅದನ್ನು ಕೊಂಡು ಲೋಹ ಮಾರುತ್ತದೆ, ಕೈಗಾರಿಕಾ ವ್ಯೂಹ ಲೋಹ ಕೊಂಡು ಯಂತ್ರ ಮಾರುತ್ತದೆ, ಆ ಯಂತ್ರ ಮತ್ತೆ ಗಣಿಗೇ ಬೇಕು. ಈ ಮೂರು ಹತ್ತಿರ ಹತ್ತಿರ ಸಿಕ್ಕರೆ ಬಿಡಬೇಡಿ.

ಪ್ರಶ್ನೆ: ಸೋಲೋ ಮೋಡ್‌ನಲ್ಲಿ ಆಡಿದರೆ ಲಾಭ ಕಡಿಮೆ ಆಗುತ್ತಾ?
— ಓದುಗರು, ಬೆಂಗಳೂರು

ಉತ್ತರ: ಇಲ್ಲ. ಸೋಲೋ (ಒಬ್ಬರೇ), ಪ್ರೈವೇಟ್ ಗ್ರೂಪ್ (ಆಯ್ದವರ ಜೊತೆ), ಓಪನ್ (ಎಲ್ಲರ ಜೊತೆ) ಮೂರಕ್ಕೂ ಮಾರುಕಟ್ಟೆ ಒಂದೇ. ಆಟಗಾರರೇ ಆದ ಕಳ್ಳರು ಮಾತ್ರ ಸೋಲೋದಲ್ಲಿ ಇಲ್ಲ. ತುಂಬಿದ ಹಡಗು ಹೊತ್ತು ಓಪನ್‌ನಲ್ಲಿ ಓಡಾಡುವುದು ಶೋಕಿ, ಕಸುಬಲ್ಲ.

ಪ್ರಶ್ನೆ: ಟೈಪ್-9 ಓಡಿಸಿ ಬೇಜಾರಾಗಿದೆ, ಎಮ್ಮೆ ಓಡಿಸಿದ ಹಾಗಿದೆ. ಇಂಪೀರಿಯಲ್ ಕಟರ್ ತಗೊಂಡರೆ ಹೇಗೆ?
— ಓದುಗರು, ಶಾರ್ಜಾ

ಉತ್ತರ: ಹೊರೆಯಲ್ಲಿ ಹೆಚ್ಚೂಕಮ್ಮಿ ಸಮ, ವೇಗದಲ್ಲೂ ಶೀಲ್ಡ್‌ನಲ್ಲೂ ಕಟರ್ ಬಹಳ ಮುಂದೆ. ಆದರೆ ಹಡಗಿಗೇ 20.9 ಕೋಟಿ, ಜೊತೆಗೆ ಎಂಪೈರ್ ನೌಕಾಪಡೆಯಲ್ಲಿ ಡ್ಯೂಕ್ ಪದವಿ ಇಲ್ಲದೆ ಅಂಗಡಿಯವರು ಮಾರುವುದಿಲ್ಲ. ನೇರಕ್ಕೆ ಬಾಣದ ಹಾಗೆ ಹೋಗುತ್ತದೆ, ತಿರುಗಿಸಿದರೆ ಜಾರುತ್ತಲೇ ಇರುತ್ತದೆ. ಬರೀ ಸರಕೇ ಗುರಿಯಾದರೆ ಪದವಿಯ ಹಿಂದೆ ಅಲೆಯಬೇಡಿ. 2025ರಲ್ಲಿ ಪ್ಯಾಂಥರ್ ಕ್ಲಿಪ್ಪರ್ ಎಂಕೆ 2 ಬಂದಿದೆ, 1,200 ಟನ್‌ಗೂ ಹೆಚ್ಚು ಹೊರುತ್ತದೆ. ಅದೇ ವರ್ಷ ಆಟದಲ್ಲಿ ಹೊಸ ವಸಾಹತು ಕಟ್ಟುವ ಅವಕಾಶವೂ ಬಂದದ್ದರಿಂದ ಸಾವಿರಾರು ಟನ್ ಉಕ್ಕು, ಟೈಟಾನಿಯಂ ಸಾಗಿಸುವವರಿಗೆ ಅದು ವರವಾಯಿತು. ನಾನು ಮೇಲೆ ಹೇಳಿದ ಸ್ಟಾಕ್ ಮತ್ತು ಬೇಡಿಕೆಯ ತಲೆನೋವು ಅದರಲ್ಲಿ ಒಂದೂವರೆ ಪಟ್ಟು ಅಂತ ತಿಳಿದೇ ಕೊಳ್ಳಿ.

ಪ್ರಶ್ನೆ: ನನ್ನ ಹತ್ರ 510 ಕೋಟಿ ಇದೆ. ಫ್ಲೀಟ್ ಕ್ಯಾರಿಯರ್ ತಗೊಂಡರೆ ಕೂತಲ್ಲೇ ದುಡ್ಡು ಬರುತ್ತೆ ಅಂತಾರೆ. ನಿಜವಾ?
— ಓದುಗರು, ಕಲಬುರಗಿ

ಉತ್ತರ: ಕೂತಲ್ಲೇ ದುಡ್ಡು ಹೋಗುತ್ತದೆ ಅನ್ನುವುದು ಖಚಿತ. 2020ರ ಜೂನ್‌ನಲ್ಲಿ ಬಂದ ಈ ಕ್ಯಾರಿಯರ್‌ನ, ಅಂದರೆ ಹಡಗುಗಳನ್ನೇ ಹೊತ್ತೊಯ್ಯುವ ದೈತ್ಯ ಹಡಗಿನ, ಬೆಲೆ 500 ಕೋಟಿ. ನೀವು ಆಟ ತೆರೆಯಲಿ ಬಿಡಲಿ, ವಾರಕ್ಕೆ ಕನಿಷ್ಠ 50 ಲಕ್ಷ ಖರ್ಚು ಅದರ ಖಾತೆಯಿಂದ ಕಡಿತವಾಗುತ್ತದೆ. ರಿಪೇರಿ, ಷಿಪ್‌ಯಾರ್ಡ್ ಅಂತ ಸೇವೆ ಸೇರಿಸಿದಷ್ಟೂ ಏರುತ್ತದೆ. ಬಾಕಿ ಮಿತಿ ಮೀರಿದರೆ ಗುಜರಿಗೆ.

ಅದು ಉಗ್ರಾಣ: 25,000 ಟನ್ ಜಾಗ, ಟ್ರಿಟಿಯಂ ಇಂಧನ ಹಾಕಿದರೆ ಒಂದೇ ನೆಗೆತಕ್ಕೆ 500 ಜ್ಯೋತಿರ್ವರ್ಷ, ಹೊರಡಲು ಹದಿನೈದು ನಿಮಿಷದ ಸಿದ್ಧತೆ. ಎಲ್ಲೋ ಸಸ್ತಾ ಇರುವ ಸರಕನ್ನು ತುಂಬಿಸಿ, ದರ ಇರುವ ಕಡೆಗೆ ಕ್ಯಾರಿಯರನ್ನೇ ಒಯ್ದು ಇಳಿಸಿದರೆ ನಿಜಕ್ಕೂ ದೊಡ್ಡ ಲಾಭವಿದೆ. ಆದರೆ ಆ 25,000 ಟನ್ ಹೊರುವುದು ನಿಮ್ಮ ಟೈಪ್-9. ತುಂಬಲು ಮೂವತ್ತಕ್ಕೂ ಮೇಲೆ ಖೇಪು, ಇಳಿಸಲು ಅಷ್ಟೇ. ಅದಕ್ಕೇ ಹಳಬರು ಲಾಭದಲ್ಲಿ ಟನ್ನಿಗೆ ಇಷ್ಟು ಅಂತ ಬಿಟ್ಟುಕೊಟ್ಟು ಬೇರೆ ಆಟಗಾರರಿಂದ ತುಂಬಿಸಿಕೊಳ್ಳುತ್ತಾರೆ. ಹಾಗೆ ತುಂಬಿಸಲೂ ಖಾತೆಯಲ್ಲಿ ಹಣ ಇರಬೇಕು: 20,000 ಟನ್ನನ್ನು ಟನ್ನಿಗೆ 50 ಸಾವಿರದಂತೆ ಕೊಂಡರೆ ನೂರು ಕೋಟಿ. ನಿಮ್ಮ ಹತ್ತಿರ ಉಳಿಯುವುದು ಹತ್ತು.

ಜೊತೆಯಲ್ಲಿ ಆಡುವ ನಾಲ್ಕು ಗೆಳೆಯರಿದ್ದರೆ 650 ಕೋಟಿ ಆದ ಮೇಲೆ ಕೊಳ್ಳಿ. ಕೊಂಡ ದಿನವೇ ವರ್ಷದ ನಿರ್ವಹಣೆಗೆ 26 ಕೋಟಿ ಅದರ ಖಾತೆಗೆ ಹಾಕಿ, ಪರೀಕ್ಷೆ, ಮದುವೆ ಅಂತ ಆರು ತಿಂಗಳು ಆಟದ ಕಡೆ ಬರದಿದ್ದರೂ ಕ್ಯಾರಿಯರ್ ಇರುತ್ತದೆ. ಒಬ್ಬರೇ ಆಡುವವರಾದರೆ ಸದ್ಯಕ್ಕೆ ಇನ್ನೊಂದು ಟೈಪ್-8 ಸಜ್ಜು ಮಾಡಿಟ್ಟುಕೊಳ್ಳಿ. ಔಟ್‌ಪೋಸ್ಟ್‌ಗಳ ವ್ಯಾಪಾರ ನೀವು ಇನ್ನೂ ಮುಟ್ಟಿಯೇ ಇಲ್ಲ ಅನಿಸುತ್ತದೆ.