ರಾಜದೂತ್ ಜಿಟಿಎಸ್‌ಗೆ ಆರ್‌ಎಕ್ಸ್ ಇಂಜಿನ್ ಕೂರುತ್ತಾ?

ಸೋಮವಾರಪೇಟೆಯ ಕಾಫಿ ಗೋದಾಮಿನಲ್ಲಿ ಸಿಕ್ಕ ಅಜ್ಜನ ರಾಜದೂತ್ ಜಿಟಿಎಸ್ 175 ಅನ್ನುವ ಪುಟ್ಟ ಚಕ್ರದ ಹಳೆ ಬೈಕಿಗೆ ಯಮಹಾ ಆರ್‌ಎಕ್ಸ್ 100 ಬೈಕಿನ ಇಂಜಿನ್ ಹಾಕಬಹುದಾ ಅಂತ ಕೇಳಿದ್ದೀರಿ. ಹಾಕಬಹುದು. ಫ್ರೇಮ್ ಮಾತ್ರ ಕತ್ತರಿಸಬೇಡಿ. ಹೊಸ ಇಂಜಿನ್ ಕೂರಿಸಲು ಬೋಲ್ಟ್ ಹಾಕುವ ಪ್ಲೇಟ್ ಮಾಡಿಸಿ. ಹಳೆ ಇಂಜಿನ್‌ಗೆ ಸ್ಪಾರ್ಕ್ ಪ್ಲಗ್ ತೂತಿನಿಂದ ಸ್ವಲ್ಪ ಎಣ್ಣೆ ಬಿಟ್ಟು ಎತ್ತಿಡಿ. ಮುಂದಿನ ಹಿಂದಿನ ಸ್ಪ್ರಾಕೆಟ್ (ಚೈನ್ ಓಡುವ ಹಲ್ಲಿನ ಚಕ್ರ) ಒಂದೇ ಗೆರೆಗೆ ಬರಬೇಕು, ಇಲ್ಲಾಂದ್ರೆ ಚೈನ್ ಕಳಚುತ್ತದೆ. ಜಿಟಿಎಸ್ ಚಕ್ರ ಚಿಕ್ಕದು ಅಲ್ವಾ? ಆರ್‌ಎಕ್ಸ್‌ನ ಸ್ಪ್ರಾಕೆಟ್ಟುಗಳನ್ನೇ ಇಟ್ಟರೆ ಇಂಜಿನ್ ಸುಮ್ನೆ ಕಿರುಚುತ್ತದೆ, ವೇಗ ಬರುವುದಿಲ್ಲ. ಮುಂದಿನದಕ್ಕೆ ಒಂದೆರಡು ಹಲ್ಲು ಜಾಸ್ತಿ ಇರಲಿ.

ನನಗೆ ಭಯ ಬ್ರೇಕಿನದೇ. ಆರ್‌ಎಕ್ಸ್‌ನಂಥ ಟೂ ಸ್ಟ್ರೋಕ್ ಇಂಜಿನ್ ಇಳಿಜಾರಿನಲ್ಲಿ ಗಾಡಿಯನ್ನು ಅಷ್ಟಾಗಿ ಹಿಡಿಯುವುದಿಲ್ಲ. ಸಂಪಾಜೆ ಕಡೆ ಘಾಟಿ ಇಳಿಯುವ ಆಸೆ ಇದ್ದರೆ ಮೊದಲು ಬ್ರೇಕ್ ಶೂ, ಕೇಬಲ್ ಹೊಸದು ಹಾಕಿ. ಇನ್ನು ಇಂಜಿನ್ ನಂಬರ್ ಬದಲಾಗುತ್ತದೆ. ಇಂಜಿನ್‌ಗೆ ದುಡ್ಡು ಕೊಡುವ ಮೊದಲೇ, ಇದಕ್ಕೆ ಒಪ್ಪಿಗೆ ಸಿಗುತ್ತಾ ಅಂತ ಮಡಿಕೇರಿ ಆರ್‌ಟಿಒ ಕಚೇರಿಯಲ್ಲಿ ಕೇಳಿಬಿಡಿ.